ಒರಳಿನಲ್ಲಿ ನಿಂತ ನೀರು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ನಾವು ಪ್ರತಿ ವರ್ಷವೂ ಎಂಟನೆಯ ತರಗತಿಯವರಿಗೆ ಹೇಳುವುದುಂಟು. ಹಸಿದಾಗ ಉಣ್ಣಬೇಕು, ಮಿತವಾಗಿ ಉಣ್ಣಬೇಕು, ಸೊಪ್ಪು ತರಕಾರಿ ತಿನ್ನಬೇಕು ಎಂದು ಮಕ್ಕಳು ಚೆನ್ನಾಗಿಯೇ ಬರೆಯುತ್ತಾರೆ. ನಾವೂ ಕೆಂಪು ಶಾಯಿಯಲ್ಲಿ ಅಂಕ ಹಾಕಿ ಮುಂದಿನ ಗಾದೆಗೆ ಹೋಗುತ್ತೇವೆ. ಆದರೆ ಊಟವನ್ನು ಬಲ್ಲವನೆಂದರೆ ತಟ್ಟೆಯಲ್ಲಿರುವುದನ್ನು ಬಲ್ಲವನು ಮಾತ್ರವಲ್ಲ, ಅದು ತಯಾರಾಗುವ ಜಾಗವನ್ನೂ ಬಲ್ಲವನು ಎಂಬುದು ನಮಗೆ ತಿಳಿದದ್ದು 2023ರ ಬೇಸಿಗೆ ರಜೆಯಲ್ಲಿ. ತಿಳಿಸಿದ್ದು ಯಾವ ಪುಸ್ತಕವೂ ಅಲ್ಲ, ಒಂದು ನುಸಿ. ಘಟ್ಟದ ಮೇಲಿನವರು ಇದನ್ನೇ ಸೊಳ್ಳೆ ಎನ್ನುತ್ತಾರೆ.

ನಮ್ಮ ಹುಟ್ಟೂರು ವಯನಾಡು ಜಿಲ್ಲೆಯ ಪನಮರಂ ಕಡೆ. ಆ ಜಿಲ್ಲೆಯಲ್ಲಿ ಬಹು ಹಿಂದಿನಿಂದ ನೆಲೆನಿಂತ ಕನ್ನಡ ಮನೆಗಳುಂಟು. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮಲಯಾಳ. ಹೀಗೆ ಎರಡು ನುಡಿಗಳ ನಡುವೆ ನಾವು ಬೆಳೆದೆವು. ಈಗ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಮೇಷ್ಟ್ರಾಗಿದ್ದರೂ ರಜೆ ಬಂತೆಂದರೆ ಕಣ್ಣೂರಿಗೆ ಹೋಗಿ, ನೆಡುಂಪೊಯಿಲ್ ಘಾಟಿ ಹತ್ತಿ, ಮಾನಂದವಾಡಿ ದಾರಿಯಾಗಿ ಊರು ಸೇರುವುದು ವಾಡಿಕೆ. ಹಳೆಯ ಮನೆಯಲ್ಲಿ ಈಗ ನಮ್ಮ ಅಕ್ಕ ಇದ್ದಾಳೆ.

ಮನೆಯ ಪಕ್ಕದ ಹಳೆಯ ಕಣಜದ ಕೋಣೆಯನ್ನು ಸರಿಪಡಿಸಿ ಅಕ್ಕನೂ ನೆರೆಯ ಆರು ಮಂದಿ ಹೆಂಗಸರೂ ಕೂಡಿ ಚಿಪ್ಸ್ ಮಾಡುವ ಕೆಲಸ ನಡೆಸುತ್ತಾರೆ. ನೇಂದ್ರ ಬಾಳೆಕಾಯಿಯದು ವರ್ಷವಿಡೀ, ಹಲಸಿನಕಾಯಿಯದು ಆಯಾ ಕಾಲಕ್ಕೆ. ಆ ಕೆಲಸವನ್ನು ಕಂಡವರಿಗೆ ಗೊತ್ತು, ಅದು ಮೈಯೆಲ್ಲ ಎಚ್ಚರವಾಗಿರಬೇಕಾದ ಕೆಲಸ. ತೆಂಗಿನೆಣ್ಣೆ ಕುದಿಯುವ ದೊಡ್ಡ ಬಾಣಲೆಯ ಮೇಲೆಯೇ ತುರಿಮಣೆಯಂಥ ಹಲಗೆ ಹಿಡಿದು, ಸುಲಿದ ಕಾಯನ್ನು ಸರಸರನೆ ಉಜ್ಜಿ, ಬಿಲ್ಲೆಗಳು ನೇರವಾಗಿ ಎಣ್ಣೆಗೇ ಬೀಳುವಂತೆ ಹೆಚ್ಚುತ್ತಾರೆ. ಎರಡು ಕೈಗೂ ಬಿಡುವಿಲ್ಲ. ಅಂಥ ಹೊತ್ತಿನಲ್ಲಿ ಕಾಲಿಗೆ ನುಸಿ ಕಚ್ಚಿದರೆ ಹೊಡೆಯುವಂತಿಲ್ಲ, ಕೆರೆಯುವಂತಿಲ್ಲ, ಬೆಚ್ಚಿ ಕೈ ಅಲುಗಿತೋ ಎಣ್ಣೆ ಸಿಡಿದೀತು.

ಆ ಮೇ ತಿಂಗಳಲ್ಲಿ ಬೇಸಿಗೆಯ ಮಳೆ ನಾಲ್ಕು ಸಲ ಚೆನ್ನಾಗಿ ಹೊಯ್ದಿತು. ಹತ್ತು ದಿನ ಕಳೆಯುವುದರೊಳಗೆ ನುಸಿಯ ಹಾವಳಿ ಹೇಳತೀರದು. ರಾತ್ರಿ ಮಾತ್ರವಲ್ಲ, ಹಾಡುಹಗಲಲ್ಲಿ, ಕಾಲಿನ ಗಂಟಿಗೇ ಹುಡುಕಿ ಕಚ್ಚುವ, ಕರಿ ಮೈಮೇಲೆ ಬಿಳಿ ಪಟ್ಟೆಯ ನುಸಿಗಳು. ಅಷ್ಟರಲ್ಲಿ, ಬಾಣಲೆಯ ಮುಂದೆ ನಿಲ್ಲುತ್ತಿದ್ದ ಚೇಚಿ ಜ್ವರ ಹಿಡಿದು ಮಲಗಿದರು. ಕಣ್ಣಿನ ಹಿಂದೆ ನೋವು, ಮೂಳೆ ಮುರಿದಂಥ ಸಂಕಟ. ರಕ್ತ ಪರೀಕ್ಷೆಯಾಯಿತು: ಡೆಂಗಿ. ನಾವು ಹುಡುಗರಾಗಿದ್ದಾಗ ಹಬ್ಬದ ದಿನ ಕರೆದು ಬಾಳೆಎಲೆಯಲ್ಲಿ ಬಡಿಸಿದ ಕೈ ಅದು. ಆಸ್ಪತ್ರೆಯ ಮಂಚದ ಮೇಲೆ ಅದೇ ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಏರಿಸುತ್ತಿದ್ದುದನ್ನು ಕಂಡು ಬಂದ ದಿನ ನಮಗೆ ಊಟ ಸೇರಲಿಲ್ಲ.

ಓದಿದವರು ನಾವು, ಸುಮ್ಮನಿರಲಾದೀತೆ? ಪೇಟೆಗೆ ಹೋಗಿ ಸಿಂಪಡಿಸುವ ಔಷಧದ ಎರಡು ಡಬ್ಬಿ, ನಾಲ್ಕು ಪೊಟ್ಟಣ ಕಾಯಿಲ್ ತಂದೆವು. ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ, ಅಕ್ಕನಿಗೂ ಹೇಳದೆ, ಕೋಣೆಯ ಕಿಟಕಿಗಳನ್ನು ಮುಚ್ಚಿ ಮೂಲೆಮೂಲೆಗೂ ಹೊಡೆದೆವು. ಮರುದಿನ ಪೊಟ್ಟಣ ಕಟ್ಟಬೇಕೆಂದು ಅಗಲವಾದ ತಟ್ಟೆಗಳಲ್ಲಿ ತೆಳುವಾದ ಬಟ್ಟೆ ಹೊದಿಸಿ ಆರಲು ಬಿಟ್ಟಿದ್ದ 16 ಕಿಲೊ ಚಿಪ್ಸ್ ಅಲ್ಲೇ ಇತ್ತು. ಬಟ್ಟೆ ಹೊದಿಸಿದೆಯಲ್ಲ ಎಂದುಕೊಂಡೆವು.

ಬೆಳಗ್ಗೆ ಅಕ್ಕ ಬಾಗಿಲು ತೆರೆದವಳೇ ನಿಂತುಬಿಟ್ಟಳು. ಒಂದು ಬಿಲ್ಲೆ ಎತ್ತಿ ಮೂಗಿನ ಹತ್ತಿರ ಹಿಡಿದಳು. ಆಮೇಲೆ ಏನೂ ಹೇಳದೆ ಎಲ್ಲವನ್ನೂ ಗೋಣಿಗೆ ಸುರಿಯತೊಡಗಿದಳು. ದನಕ್ಕೂ ಹಾಕಲಿಲ್ಲ, ತೋಟದ ಮೂಲೆಯಲ್ಲಿ ಗುಂಡಿ ತೋಡಿ ಹೂಳಿಸಿದಳು. ಏಳು ಮಂದಿಯ ದುಡಿಮೆ. ನಾವು ತಲೆ ತಗ್ಗಿಸಿ, “ಸ್ವಲ್ಪ ವಾಸನೆ ಅಷ್ಟೇ ಅಲ್ಲವೆ ಅಕ್ಕಾ, ಬಿಸಿಲಿಗಿಟ್ಟಿದ್ದರೆ ಹೋಗುತ್ತಿತ್ತೇನೋ” ಎಂದೆವು.

“ವಾಸನೆ ಹೋದೀತು ತಮ್ಮಾ, ವಿಷ ಹೋಯಿತೆಂದು ಹೇಳುವವರು ಯಾರು? ಇದನ್ನು ಬಸ್ಸಿನಲ್ಲಿ ಕೂತು ತಿನ್ನುವುದು ಯಾರ ಮಗುವೋ” ಎಂದಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅಕ್ಕನ ಮಾತು ಹೆದರಿಕೆಯ ಮಾತಲ್ಲ ಎಂಬುದಕ್ಕೆ ಚರಿತ್ರೆಯೇ ಸಾಕ್ಷಿ. 1958ರಲ್ಲಿ ನಮ್ಮ ಇದೇ ಕೇರಳದಲ್ಲಿ, ಕೀಟನಾಶಕವನ್ನೂ ಗೋಧಿಹಿಟ್ಟನ್ನೂ ಒಂದೇ ಹಡಗಿನಲ್ಲಿ ಸಾಗಿಸಿದಾಗ ವಿಷ ಸೋರಿ ಹಿಟ್ಟಿಗೆ ಸೇರಿತು. ಅದನ್ನು ತಿಂದ ನೂರಕ್ಕೂ ಹೆಚ್ಚು ಜನ ಸತ್ತರು. 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಕೀಟನಾಶಕ ಬೆರೆತ ಮಧ್ಯಾಹ್ನದ ಊಟ ಉಂಡು 23 ಮಕ್ಕಳು ಪ್ರಾಣ ಬಿಟ್ಟರು. ಇನ್ನು ನಮ್ಮ ಕಾಸರಗೋಡಿನ ಮಾತನ್ನು ನಿಮಗೆ ಹೇಳಬೇಕಾದ್ದಿಲ್ಲ. 1970ರ ದಶಕದಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಯಾವ ಕೀಟವನ್ನು ಕೊಲ್ಲಲು? ಅದರ ಹೆಸರು ‘ಚಹಾ ಸೊಳ್ಳೆ’. ಅದು ನಿಜವಾದ ಸೊಳ್ಳೆಯಲ್ಲ, ಎಳೆಯ ಚಿಗುರಿನ ರಸ ಹೀರುವ ಒಂದು ತಿಗಣೆ ಜಾತಿ. ಆ ಹುಳುವಿಗೆಂದು ಸುರಿದ ವಿಷ ತೋಡಿಗೆ, ಸುರಂಗದ ನೀರಿಗೆ, ಬಾವಿಗೆ ಇಳಿಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ನಿಲ್ಲಿಸಿತು. ಆದರೆ ಎಣ್ಮಕಜೆಯ ಕಡೆಯ ಎಷ್ಟೋ ಮನೆಗಳಲ್ಲಿ ಅದರ ನೋವು ಇಂದಿಗೂ ಚಾಪೆಯ ಮೇಲೆ ಮಲಗಿದೆ. ಇಷ್ಟನ್ನೂ ತರಗತಿಯಲ್ಲಿ ಹೇಳಿದ ನಾವೇ ಆ ಸಂಜೆ ಡಬ್ಬಿ ಹಿಡಿದೆವು!

ಹಾಗೆಂದು ರಾಸಾಯನಿಕಗಳೆಲ್ಲ ಕೆಟ್ಟವು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದೂ ನ್ಯಾಯವಲ್ಲ. ಒಂದು ಕಾಲದಲ್ಲಿ ವಯನಾಡೆಂದರೆ ಮಲೇರಿಯಾ, ಮಲೇರಿಯಾ ಎಂದರೆ ವಯನಾಡು ಎಂಬಂತಿತ್ತು. 1940ರ ದಶಕದಲ್ಲಿ ತಿರುವಿತಾಂಕೂರಿನಿಂದ ಭೂಮಿ ಹುಡುಕಿ ಬಂದವರಲ್ಲಿ ಬಹಳ ಮಂದಿ ಈ ಜ್ವರಕ್ಕೆ ಬಲಿಯಾದರು. 1953ರಲ್ಲಿ ದೇಶದಾದ್ಯಂತ ಮಲೇರಿಯಾ ನಿಯಂತ್ರಣ ಕಾರ್ಯ ಆರಂಭವಾದಾಗ ಮನೆಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆದರು. ಅದಕ್ಕೆ ಮೊದಲು ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು. 1965ರ ಹೊತ್ತಿಗೆ ಅದು ಸುಮಾರು 1 ಲಕ್ಷಕ್ಕೆ ಇಳಿಯಿತು. ಜೀವ ಉಳಿಸಿದ ಆ ಪುಡಿಗೆ ಕೃತಜ್ಞರಾಗಿರೋಣ. ಆದರೆ 1976ರಲ್ಲಿ ರೋಗಿಗಳ ಸಂಖ್ಯೆ ಮತ್ತೆ 64 ಲಕ್ಷ ದಾಟಿತು. ನುಸಿಗಳು ಆ ವಿಷಕ್ಕೆ ಒಗ್ಗಿಕೊಂಡದ್ದು ಅದಕ್ಕೆ ಒಂದು ಕಾರಣ. ವಿಷಕ್ಕೆ ನುಸಿ ಒಗ್ಗುತ್ತದೆ. ಒಣಗಿದ ನೆಲಕ್ಕೆ ಅದರ ಮರಿ ಒಗ್ಗಲಾರದು. ನಮ್ಮ ಕಥೆಯ ಉಳಿದ ಭಾಗ ಇದೇ.

ಚಿಪ್ಸ್ ಹೂಳಿದ ಮರುದಿನ ಆರೋಗ್ಯ ಕೇಂದ್ರದಿಂದ ಒಬ್ಬ ಕಿರಿಯ ನಿರೀಕ್ಷಕಿ ಬಂದರು. ಡೆಂಗಿ ಬಂದ ಮನೆಯ ಸುತ್ತ ನೋಡುವುದು ಅವರ ಕೆಲಸ. “ಮಾಷೇ, ನುಸಿ ಎಲ್ಲಿಂದ ಬರುತ್ತದೆ ಎನ್ನುತ್ತೀರಿ?” ಎಂದು ಕೇಳಿದರು. ನಾವು ಹೊಳೆಯ ಕಡೆ, ಗದ್ದೆಯ ಕಡೆ ಕೈ ತೋರಿಸಿದೆವು. ಅವರು ನಕ್ಕು, “ಈ ಪಟ್ಟೆಯ ನುಸಿ ಅಷ್ಟು ದೂರದಿಂದ ಬರುವುದಲ್ಲ, ಕೆಲವು ನೂರು ಮೀಟರಿನೊಳಗೇ ಅದರ ಸಂಸಾರ. ಗದ್ದೆಯಲ್ಲಿ ಅಲ್ಲ, ನಿಮ್ಮ ಪಾತ್ರೆ ಪರಡಿಯಲ್ಲಿ ಹುಟ್ಟುತ್ತದೆ. ಬ್ಯಾಟರಿ ದೀಪ ತನ್ನಿ” ಎಂದರು.

ಒಂಬತ್ತನೆಯ ತರಗತಿಯ ನಮ್ಮ ಸೊಸೆ, ಎಂದರೆ ಅಕ್ಕನ ಮಗಳು, ದೀಪ ಹಿಡಿದು ಮುಂದೆ ನಡೆದಳು. ಹುಡುಕಲು ತೊಡಗಿದಂತೆ ನಾಚಿಕೆಯೂ ಬೆಳೆಯಿತು. ಶೀತಲಪೆಟ್ಟಿಗೆಯ ಹಿಂದೆ, ನೀರಿಳಿಯುವ ಪುಟ್ಟ ತಟ್ಟೆಯಲ್ಲಿ ಹುಳು. ಸೌದೆಗೆ ಹೊದಿಸಿದ ಟಾರ್ಪಾಲಿನ ಮಡಿಕೆಯಲ್ಲಿ ಹುಳು. ಮಾಡಿನ ದಂಬೆಯಲ್ಲಿ ಎಲೆ ಸಿಕ್ಕಿ ನಿಂತ ನೀರಿನಲ್ಲಿ ಹುಳು. ತೋಟದಲ್ಲಿ ಬಿದ್ದ ಅಡಕೆ ಹಾಳೆಯಲ್ಲಿ, ಎಸೆದ ಗೆರಟೆಯಲ್ಲಿ, ಖಾಲಿ ಎಣ್ಣೆ ಡಬ್ಬದ ಮುಚ್ಚಳದಲ್ಲಿ ಹುಳು. ಮಲಯಾಳದಲ್ಲಿ ಈ ಮರಿಹುಳುವಿಗೆ ‘ಕೂತ್ತಾಡಿ’ ಎನ್ನುತ್ತಾರೆ, ಕುಣಿಯುವುದು ಎಂದರ್ಥ. ಬೆಳಕು ಬಿದ್ದೊಡನೆ ತಲೆಕೆಳಗಾಗಿ ಕುಣಿಯುತ್ತ ತಳಕ್ಕಿಳಿಯುವ ಅದನ್ನು ಕಂಡರೆ ಹೆಸರಿಟ್ಟವರ ಕಣ್ಣನ್ನು ಮೆಚ್ಚಬೇಕು.

“ಮಾವ, ಇಲ್ಲಿ ನೋಡಿ” ಎಂದು ಹುಡುಗಿ ಕೂಗಿದ್ದು ಅಂಗಳದ ಮೂಲೆಯಿಂದ. ಅಲ್ಲಿ ನಮ್ಮ ಅಜ್ಜಿಯ ಒರಳು ಇತ್ತು. ಅಜ್ಜಿ ತೀರಿಕೊಂಡ ಮೇಲೆ, ಮಿಕ್ಸಿ ಬಂದ ಮೇಲೆ, ಅದನ್ನು ಯಾರೂ ಮುಟ್ಟಿರಲಿಲ್ಲ. ಕೊಡುವುದು ಬೇಡ, ಅಜ್ಜಿಯ ನೆನಪಿಗೆ ಇರಲಿ ಎಂದು ಹಟ ಹಿಡಿದು ಅಲ್ಲಿ ಇಡಿಸಿದವರು ನಾವೇ. ಊರಿಗೆ ಹೋದಾಗಲೆಲ್ಲ ಅದರ ಪಕ್ಕದಲ್ಲಿ ನಿಂತು ಹಳೆಯದನ್ನು ನೆನೆಯುವುದೂ ಇತ್ತು. ಒಳಗೆ ನೋಡಿರಲಿಲ್ಲ. ಕುಳಿಯ ತುಂಬ ಮಳೆನೀರು, ನೀರಿನ ತುಂಬ ಕೂತ್ತಾಡಿ, ಲೆಕ್ಕವಿಲ್ಲ. ಚೇಚಿ ನಿಲ್ಲುತ್ತಿದ್ದ ಬಾಣಲೆಗೂ ಅದಕ್ಕೂ ಹದಿನೈದು ಹೆಜ್ಜೆ. ಅವರನ್ನು ಮಲಗಿಸಿದ ನುಸಿ ಅದರಲ್ಲೇ ಹುಟ್ಟಿತೆಂದು ಹೇಳಲಾಗದು. ಹುಟ್ಟಿರಲಾರದೆಂದು ಹೇಳುವ ಧೈರ್ಯವೂ ನಮಗಿಲ್ಲ.

ಹೀಗೆ ಕಣ್ಣೆದುರಿನ ನೀರನ್ನು ಕಾಣದೆ ಹೋದವರಲ್ಲಿ ನಾವು ಮೊದಲಿಗರಲ್ಲ. ಮಲೇರಿಯಾ ನುಸಿಯಿಂದ ಹರಡುತ್ತದೆ ಎಂಬುದಕ್ಕೆ ಆಧಾರವನ್ನು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡುಕೊಂಡ ರೊನಾಲ್ಡ್ ರಾಸ್ ಎಂಬ ವೈದ್ಯ, ಅದಕ್ಕೂ ಹದಿನಾಲ್ಕು ವರ್ಷ ಮೊದಲು, 1883ರಲ್ಲಿ, ನಮ್ಮ ಬೆಂಗಳೂರಿನ ದಂಡುಪ್ರದೇಶದಲ್ಲಿದ್ದ. ಅವನ ಬಂಗಲೆಯಲ್ಲಿ ವಿಪರೀತ ನುಸಿ. ನೋಡಿದರೆ ಕಿಟಕಿಯ ಹೊರಗಿನ ತೊಟ್ಟಿಯ ನೀರಿನಲ್ಲೇ ಮರಿಗಳು. ತೊಟ್ಟಿಯನ್ನು ಮಗುಚಿದ, ನುಸಿ ಕಡಿಮೆಯಾಯಿತು. ದಂಡಿನ ಊಟದ ಮನೆಯಲ್ಲೂ ಹಾಗೆ ಮಾಡೋಣವೆಂದು ಅಧಿಕಾರಿಯೊಬ್ಬನಿಗೆ ಹೇಳಿದರೆ, ಪ್ರಕೃತಿಯ ವ್ಯವಸ್ಥೆಯನ್ನು ಕೆಡಿಸಬಾರದೆಂದು ಆತ ಒಪ್ಪಲಿಲ್ಲವಂತೆ! ರಾಸ್‌ಗೆ 1902ರಲ್ಲಿ ನೊಬೆಲ್ ಬಹುಮಾನ ಬಂತು. ಆದರೆ ತೊಟ್ಟಿ ಮಗುಚುವ ವಿದ್ಯೆಗೆ ಯಾವ ಬಹುಮಾನವೂ ಬೇಕಿಲ್ಲ, ಎರಡು ಕೈ ಸಾಕು.

ಅಂದಿನಿಂದ ಅಕ್ಕನ ಕೋಣೆಯಲ್ಲಿ ಏನೇನು ಮಾಡಿದೆವೆಂಬುದನ್ನು ಹೇಳುತ್ತೇವೆ. ನಿಮ್ಮ ಮನೆಯ ಅಡುಗೆಮನೆಗೂ ಅದು ಸಲ್ಲುತ್ತದೆ.

ಮೊದಲನೆಯದು ವಾರದ ಕೆಲಸ. ಮೊಟ್ಟೆ ನುಸಿಯಾಗಲು ಬೆಚ್ಚಗಿನ ಕಾಲದಲ್ಲಿ ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸಂಸಾರ ಮುರಿಯಿತು. ಚೆಲ್ಲಿದರೆ ಮಾತ್ರ ಸಾಲದು, ಉಜ್ಜಬೇಕು. ಪಟ್ಟೆಯ ನುಸಿ ತನ್ನ ಮೊಟ್ಟೆಯನ್ನು ನೀರಿನ ಅಂಚಿಗಿಂತ ಸ್ವಲ್ಪ ಮೇಲೆ ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ಅದು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮಳೆ ಬಂದಾಗ ಒಡೆಯುತ್ತದೆ. ಕೇರಳದಲ್ಲಿ ‘ಡ್ರೈ ಡೇ’ ಎಂದು ಶುಕ್ರವಾರ ಶಾಲೆಗೂ ಶನಿವಾರ ಕಚೇರಿಗೂ ಭಾನುವಾರ ಮನೆಗೂ ಗೊತ್ತುಮಾಡಿರುವುದು ಇದಕ್ಕಾಗಿಯೇ. ಅಕ್ಕನವರು ಶನಿವಾರ ಸಂಜೆ ಒಂದು ಗಂಟೆ ಎಂದು ಇಟ್ಟುಕೊಂಡರು. ಏಳು ಮಂದಿಗೂ ಒಂದೊಂದು ಭಾಗ ಹಂಚಿ, ಗೋಡೆಗೆ ಪಟ್ಟಿ ಅಂಟಿಸಿದರು.

ಎರಡನೆಯದು ಬಾಗಿಲು ಕಾಯುವುದು. ಕಿಟಕಿಗಳಿಗೆಲ್ಲ ಸಣ್ಣ ಕಣ್ಣಿನ ತಂತಿಬಲೆ, ಬಾಗಿಲಿಗೆ ತಾನಾಗಿ ಮುಚ್ಚಿಕೊಳ್ಳುವ ಬಲೆಯ ಕದ. ಎಣ್ಣೆಯ ಆವಿಯಿಂದ ಬಲೆಯ ಕಣ್ಣು ಕಟ್ಟುವುದರಿಂದ ಅದನ್ನೂ ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ತೊಳೆಯಬೇಕು. ನೀರಿನ ಟ್ಯಾಂಕಿಗೆ ಬಿಗಿಯಾದ ಮುಚ್ಚಳ, ಶೌಚದ ಗುಂಡಿಯ ಗಾಳಿಕೊಳವೆಯ ಬಾಯಿಗೆ ಬಲೆ.

ಮೂರನೆಯದು ಗಾಳಿ. ನುಸಿ ಹಾರಾಟದಲ್ಲಿ ಬಲಹೀನ. ಕಾಯಿ ಸುಲಿಯುವವರ ಕಾಲ ಬಳಿ ಒಂದು ಫ್ಯಾನು ತಿರುಗಿದರೆ ಅದು ಹತ್ತಿರ ಸುಳಿಯಲಾರದು. ಒಲೆಯ ಕಡೆಗೆ ಮಾತ್ರ ಗಾಳಿ ಬೀಸದಂತೆ ನೋಡಿಕೊಳ್ಳಬೇಕು. ಜೊತೆಗೆ ಎಲ್ಲರಿಗೂ ಪಾದ ಮುಚ್ಚುವ ಕಾಲುಚೀಲ, ಉದ್ದ ತೋಳಿನ ಅಂಗಿ.

ನಾಲ್ಕನೆಯದು ಮೀನು. ತೋಟದ ಮದಗದ ನೀರನ್ನು ಚೆಲ್ಲುವಂತಿಲ್ಲ. ಅದಕ್ಕೆ ‘ಮಾನತ್ತುಕಣ್ಣಿ’ ಬಿಟ್ಟೆವು. ಮುಗಿಲ ಕಡೆ ಕಣ್ಣಿಟ್ಟದ್ದು ಎಂದು ಹೆಸರಿನ ಅರ್ಥ. ನೀರಿನ ಮೇಲ್ಮೈಯಲ್ಲೇ ತಿರುಗುತ್ತ ಮರಿಹುಳುಗಳನ್ನು ನುಂಗುವ ನಮ್ಮದೇ ನೆಲದ ಪುಟ್ಟ ಮೀನು. ಕರ್ನಾಟಕದ ಹಾಸನ, ಕೋಲಾರ ಜಿಲ್ಲೆಗಳ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಬಾವಿ ಕೆರೆಗಳಿಗೆ ಗಪ್ಪಿ, ಗಂಬೂಸಿಯಾ ಮೀನು ಬಿಟ್ಟು ಮಲೇರಿಯಾವನ್ನು ತಗ್ಗಿಸಿದ ಒಳ್ಳೆಯ ಉದಾಹರಣೆಯುಂಟು. ಆದರೆ ಗಂಬೂಸಿಯಾ 1928ರಲ್ಲಿ ಹೊರದೇಶದಿಂದ ಬಂದದ್ದು, ಊರ ಮೀನಿನ ಮರಿಗಳನ್ನೂ ತಿನ್ನುತ್ತದೆ. ಸ್ವಂತದ್ದು ಇರುವಾಗ ಎರವಲು ಏಕೆ?

ಮಾಡದೆ ಬಿಟ್ಟದ್ದೂ ಇದೆ. ಬೇವಿನ ಹೊಗೆ ಹಾಕೋಣವೆಂದರು ಕೆಲವರು. ಬೇವಿನದಾದರೂ ಹೊಗೆ ಹೊಗೆಯೇ, ಅದು ತಿಂಡಿಗೂ ಹತ್ತುತ್ತದೆ, ಎದೆಗೂ ಇಳಿಯುತ್ತದೆ. ನೀಲಿ ಬೆಳಕಿನ ವಿದ್ಯುತ್ ದೀಪ ತೂಗಿಸೋಣವೆಂದರು. ಅದಕ್ಕೆ ಬಿದ್ದು ಸಾಯುವುದು ಹೆಚ್ಚಾಗಿ ಬೇರೆ ಹುಳುಗಳು, ನುಸಿ ಅಪರೂಪ. ಸುಟ್ಟ ರೆಕ್ಕೆ ಕಾಲುಗಳು ಸಿಡಿದು ತಿಂಡಿಗೆ ಬೀಳುವುದು ಬೇರೆ.

ನುಸಿ ಪೂರ್ತಿ ಹೋಯಿತೆ? ಇಲ್ಲ. ಮೂರನೆಯ ವಾರದಲ್ಲಿ ತೀರ ಕಡಿಮೆಯಾಗಿ, ನಾಲ್ಕನೆಯ ವಾರದಲ್ಲಿ ಮತ್ತೆ ಕಂಡಿತು. ಹುಡುಕಿದರೆ, ಬೇಲಿಯಾಚೆಯ ರಬ್ಬರ್ ತೋಟದಲ್ಲಿ ಹಾಲು ಹಿಡಿಯುವ ಗೆರಟೆಗಳು ಮಳೆಗೆ ಬಾಯಿ ತೆರೆದು ನೂರಾರು ತೂಗುತ್ತಿದ್ದುವು. ಅಕ್ಕನೂ ಚೇಚಿಯ ಗಂಡನೂ ಹೋಗಿ ಮಾತಾಡಿದರು. ತೋಟದವರು ಮೊದಲು ಬಿರುಸಾದರೂ, ಡೆಂಗಿಗೆ ಬೇಲಿ ಇಲ್ಲ, ನಿಮ್ಮ ಮನೆಯಲ್ಲೂ ಮೊಮ್ಮಕ್ಕಳಿದ್ದಾರೆ ಎಂದಾಗ ಒಪ್ಪಿದರು. ಟ್ಯಾಪಿಂಗ್ ಇಲ್ಲದ ದಿನಗಳಲ್ಲಿ ಗೆರಟೆಗಳನ್ನು ಮಗುಚಿಡುವುದೆಂದಾಯಿತು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯ ಉಳಿದರ್ಧವೂ ಅಲ್ಲಿಗೆ ಪಾಠವಾಯಿತು. ಚೇಚಿ ಗುಣವಾಗಿ, ಓಣಂ ಹೊತ್ತಿಗೆ ಬಾಣಲೆಯ ಮುಂದೆ ಬಂದು ನಿಂತರು. ಓಣಂಗೆ ಚಿಪ್ಸಿನ ಬೇಡಿಕೆ ಎಷ್ಟೆಂದು ನಿಮಗೆ ಗೊತ್ತೇ ಇದೆ.

ವಿದ್ಯಾರ್ಥಿಗಳೇ, ಜೂನ್‌ನಲ್ಲಿ ಶಾಲೆ ತೆರೆದಾಗ ನಾವು ನಿಮ್ಮಲ್ಲಿ ಹತ್ತು ಮಂದಿಯನ್ನು ಕರೆದುಕೊಂಡು ಮೊದಲು ಹೋದದ್ದು ಗ್ರಂಥಾಲಯಕ್ಕಲ್ಲ, ಬಿಸಿಯೂಟದ ಅಡುಗೆಕೋಣೆಯ ಹಿಂಬದಿಗೆ. ಅಂದು ಅಲ್ಲಿ ಏನು ಸಿಕ್ಕಿತೆಂಬುದು ನಿಮಗೂ ನಮಗೂ ಅಡುಗೆಯ ಅಕ್ಕಂದಿರಿಗೂ ನೆನಪಿದೆ. ಇಂದಿಗೂ ಶುಕ್ರವಾರದ ಕೊನೆಯ ಅವಧಿಯಲ್ಲಿ ಆ ಕೆಲಸ ನಡೆಯುತ್ತಿದೆ. ಅದನ್ನು ಶಿಕ್ಷೆಯೆಂದು ಎಣಿಸಬೇಡಿ. ಆ ಕೋಣೆಯಲ್ಲಿ ಬೇಯುವ ಅನ್ನವನ್ನು ನಿಮ್ಮ ತಮ್ಮಂದಿರು, ತಂಗಿಯರು ಉಣ್ಣುತ್ತಾರೆ. ಅಲ್ಲಿಗೆ ವಿಷದ ಡಬ್ಬಿ ಬರಬಾರದೆಂದಿದ್ದರೆ ನಿಮ್ಮ ಕೈ ಅಲ್ಲಿಗೆ ಹೋಗಬೇಕು. ಪೋಷಕರಲ್ಲೂ ನಮ್ಮದೊಂದು ಬಿನ್ನಹ: ಭಾನುವಾರ ಒಂದು ಗಂಟೆ ಮಕ್ಕಳೊಡನೆ ಮನೆಯ ಸುತ್ತ ನಡೆಯಿರಿ. ಹುಡುಗರ ಕಣ್ಣಿಗೆ ನೀವು ಕಾಣದ್ದು ಕಾಣುತ್ತದೆ. ನಮಗೆ ಹಾಗೆಯೇ ಆಯಿತಲ್ಲ.

ಅಜ್ಜಿಯ ಒರಳು ಏನಾಯಿತೆಂದು ಕೇಳುವಿರಾ? ಮಣ್ಣು ತುಂಬಿಸಿ ಗಿಡ ನೆಡೋಣವೆಂದೆವು. ಅಕ್ಕ ಒಪ್ಪಲಿಲ್ಲ. ಅದನ್ನು ತೊಳೆಸಿ, ಉಜ್ಜಿಸಿ, ಚಾವಡಿಯೊಳಗೆ ತರಿಸಿದಳು. ಈಗ ಪ್ರತಿ ಭಾನುವಾರ ಮನೆಯ ಚಟ್ನಿಯನ್ನು ಅದರಲ್ಲೇ ರುಬ್ಬುತ್ತಾಳೆ. ರುಬ್ಬಿ, ತೊಳೆದು, ಬಟ್ಟೆಯಿಂದ ಒರಸಿ ಮುಚ್ಚುತ್ತಾಳೆ. “ನೆನಪಿಗೆಂದು ಮೂಲೆಯಲ್ಲಿಟ್ಟರೆ ನುಸಿ ಹುಟ್ಟುತ್ತದೆ ತಮ್ಮಾ. ಬಳಸಿದರೆ ಅಜ್ಜಿಯ ನೆನಪೂ ಆಗುತ್ತದೆ, ಚಟ್ನಿಯೂ ಆಗುತ್ತದೆ” ಎಂದಳು. ಕಳೆದ ಸಲ ಹೋದಾಗ ಅದೇ ಚಟ್ನಿಯೊಡನೆ ನಾವು ಆರು ದೋಸೆ ತಿಂದು ಬಂದೆವು.